ಇಬ್ಬರ ದೋಣಿ

ಸಂಸಾರವನ್ನು ಸಾಗರಕ್ಕೂ ಬಾಳನ್ನು ದೋಣಿಗೂ ಹೋಲಿಸುವುದು ನಮ್ಮಲ್ಲಿ ಬಹು ಹಳೆಯ ರೂಢಿ. ದಾಸರ ಪದಗಳಿಂದ ಮೊದಲ್ಗೊಂಡು ಮದುವೆಯ ಮನೆಯ ಹರಕೆಯ ಮಾತಿನವರೆಗೂ ಈ ಹೋಲಿಕೆ ನಡೆದುಬಂದಿದೆ. ಆದರೆ ಆ ದೋಣಿಯಲ್ಲಿ ಕುಳಿತವರು ಎಷ್ಟು ಮಂದಿ, ಅವರವರ ಪಾಲಿನ ಕೆಲಸವೇನು, ಗಾಳಿ ತಿರುಗಿದಾಗ ಯಾರು ಯಾರಿಗೆ ಏನು ಹೇಳಬೇಕು ಎಂಬುದನ್ನು ಹೋಲಿಕೆ ಮಾಡುವವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ನನಗೂ ನಮ್ಮ ಯಜಮಾನರಿಗೂ ಅದನ್ನು ವಿಚಾರಿಸಿ ನೋಡುವ ಅವಕಾಶವು ಈಚಿನ ಒಂದು ಜೂನ್ ತಿಂಗಳಲ್ಲಿ ಒದಗಿಬಂದಿತು. ಉದ್ಯೋಗದ ನಿಮಿತ್ತವಾಗಿ ನಾವು ಉತ್ತರ ಜರ್ಮನಿಯಲ್ಲಿ ನೆಲಸಿರುವವರು. ಅಲ್ಲಿನ ಕೀಲ್ ಪಟ್ಟಣದಲ್ಲಿ ನಡೆಯುವ ಹಾಯಿದೋಣಿಗಳ ಅಂತರರಾಷ್ಟ್ರೀಯ ಪಂದ್ಯದಲ್ಲಿ ನಾವಿಬ್ಬರೂ ಒಂದೇ ದೋಣಿಯನ್ನು ಹತ್ತಿ ಐದು ದಿನ ಸ್ಪರ್ಧಿಸಿದೆವು. ಗೆದ್ದೆವೆಂದು ಹೇಳಿಕೊಳ್ಳುವ ಸಲುವಾಗಿ ಇದನ್ನು ಬರೆಯುತ್ತಿಲ್ಲ. ನಾವು ಗೆಲ್ಲಲೂ ಇಲ್ಲ. ಇಬ್ಬರು ಕೂಡಿ ಮಾಡುವ ಕೆಲಸದಲ್ಲಿ ಯಾವ ಮಾತಿಗೆ ಯಾವ ಹೊತ್ತು ಎಂಬ ಒಂದು ವಿಚಾರವು ಅಲ್ಲಿ ನನ್ನ ಮನಸ್ಸಿಗೆ ನಾಟಿತು. ಅದು ದೋಣಿ ಹತ್ತದವರಿಗೂ ಉಪಯೋಗಕ್ಕೆ ಬಂದೀತೆಂದು ಬರೆಯಲು ತೊಡಗಿದ್ದೇನೆ.

ದೋಣಿಯ ವಿಷಯವನ್ನು ಮೊದಲು ಹೇಳಿಬಿಡುವುದು ಮೇಲು. ಅದರ ಹೆಸರೇ ‘470’. ಉದ್ದ 4 ಮೀಟರ್ 70 ಸೆಂಟಿಮೀಟರ್ ಆದುದರಿಂದ ಆ ಹೆಸರು ಬಂದಿತು. ಫ್ರಾನ್ಸ್ ದೇಶದ ಆಂದ್ರೆ ಕಾರ್ನು ಎಂಬುವರು 1963ರಲ್ಲಿ ಇದನ್ನು ರೂಪಿಸಿದರು. 1976ರಿಂದ ಇದು ಒಲಿಂಪಿಕ್ ಪಂದ್ಯಗಳಲ್ಲಿ ಓಡುತ್ತಿದೆ. 1988ರಿಂದ ಹೆಂಗಸರಿಗೆ ಪ್ರತ್ಯೇಕವಾದ ಪಂದ್ಯವಿತ್ತು. 2024ರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಕೂಡಿಯೇ ಒಂದು ದೋಣಿಯನ್ನು ನಡೆಯಿಸಬೇಕೆಂದು ಕಟ್ಟುಮಾಡಿದರು. ದೋಣಿಯ ತೂಕ 120 ಕಿಲೋಗ್ರಾಂ ಮಾತ್ರ. ಅಷ್ಟು ಹಗುರವಾದ ಒಡಲಿನ ಮೇಲೆ ಎತ್ತರವಾದ ಕೂವೆಮರ, ಅದಕ್ಕೆ ಒಂದು ದೊಡ್ಡ ಹಾಯಿ, ಅದರ ಮುಂದೆ ಒಂದು ಚಿಕ್ಕ ಹಾಯಿ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಓಡುವಾಗ ಬಿಚ್ಚುವ ಸ್ಪಿನ್ನಕರ್ ಎಂಬ ಮೂರನೆಯ ಹಾಯಿ ಬೇರೆ. ಅದು ಗಾಳಿಯನ್ನು ಕುಡಿದು ಹೊಟ್ಟೆಯುಬ್ಬಿಸಿ ನಿಲ್ಲುತ್ತದೆ. ಇಷ್ಟೊಂದು ಬಟ್ಟೆಯನ್ನು ಗಾಳಿಗೊಡ್ಡಿದರೆ ಹಗುರವಾದ ದೋಣಿ ಮಗುಚದೆ ಉಳಿಯುವುದೆಂತು? ಅದಕ್ಕೆ ಎದುರುಭಾರವಾಗಿ ಇರತಕ್ಕವರು ಆ ಇಬ್ಬರೇ. ಕೆಳಗೆ ಕಬ್ಬಿಣವಿಲ್ಲ, ಸೀಸವಿಲ್ಲ. ಮನುಷ್ಯರ ಮೈಯೇ ತಕ್ಕಡಿಯ ಕಲ್ಲು.

ಆದುದರಿಂದ ಕೆಲಸ ಎರಡಾಗಿ ಒಡೆಯುತ್ತದೆ. ಹಿಂದೆ ಕುಳಿತವರು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿಯುತ್ತಾರೆ. ಮುಂದಿನವರು ಚಿಕ್ಕ ಹಾಯಿಯನ್ನು ಹಿಡಿದು, ಗಾಳಿ ಬಲವಾದೊಡನೆ ಕೂವೆಮರದಿಂದ ಇಳಿಬಿಟ್ಟ ತಂತಿಯ ಕೊಂಡಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ದೋಣಿಯ ಅಂಚಿನ ಮೇಲೆ ಎರಡು ಪಾದಗಳನ್ನು ಊರಿ, ಇಡಿಯ ಮೈಯನ್ನು ನೀರಿನ ಮೇಲಕ್ಕೆ ಚಾಚಿ ನಿಲ್ಲುತ್ತಾರೆ. ಎತ್ತರವಾದ ಆಳು ಎಷ್ಟು ಹೊರಕ್ಕೆ ಚಾಚಿದರೆ ದೋಣಿ ಅಷ್ಟು ನೆಟ್ಟಗೆ ನಿಲ್ಲುವುದು. ನಮ್ಮವರು ಆರಡಿಯ ಆಳು. ನಾನು ಐದಡಿಗೆ ಎರಡಂಗುಲ ಹೆಚ್ಚು. ಇದರಲ್ಲಿ ವಾದಕ್ಕೆ ಎಡೆಯೇ ಇರಲಿಲ್ಲ. ಚುಕ್ಕಾಣಿ ನನ್ನ ಪಾಲಿಗೆ ಬಂದಿತು, ತಂತಿ ಅವರ ಪಾಲಿಗೆ ಹೋಯಿತು. ಊರಿನಿಂದ ಬಂದ ಕಾಗದದಲ್ಲಿ ನಮ್ಮ ಅತ್ತೆಯವರು, “ಮನೆಯಲ್ಲಿ ಹೇಗಿದ್ದರೂ ಇರಲಿ, ನಾಲ್ಕು ಜನರ ಕಣ್ಣೆದುರಿಗಾದರೂ ಚುಕ್ಕಾಣಿ ಅವನ ಕೈಯಲ್ಲಿರಲಿ” ಎಂದು ಬರೆಸಿದ್ದರು. 2024ರ ಒಲಿಂಪಿಕ್ಸಿನಲ್ಲಿ ಈ ದೋಣಿಯ ಚಿನ್ನದ ಪದಕವನ್ನು ಗೆದ್ದ ಆಸ್ಟ್ರಿಯ ದೇಶದ ಜೋಡಿಯಲ್ಲಿಯೂ ಚುಕ್ಕಾಣಿ ಹಿಡಿದವರು ಲಾರಾ ವಾಡ್ಲೌ ಎಂಬ ಮಹಿಳೆ, ತಂತಿಯಲ್ಲಿ ನಿಂತವರು ಲೂಕಾಸ್ ಮೇರ್ ಎಂಬ ಪುರುಷ ಎಂದು ಆಮೇಲೆ ಅವರಿಗೆ ತಿಳಿಯಪಡಿಸಿದೆವು. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಇಬ್ಬರ ದೋಣಿಯಲ್ಲಿ ಭಾರತೀಯರಿಗೆ ಹೆಸರಿಲ್ಲವೆಂದು ಯಾರೂ ತಿಳಿಯಬಾರದು. 1982ರ ಏಷ್ಯಾ ಕ್ರೀಡೆಗಳಲ್ಲಿ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಅವರು ‘ಫೈರ್‌ಬಾಲ್’ ಎಂಬ ಇಬ್ಬರ ದೋಣಿಯಲ್ಲಿ ಚಿನ್ನವನ್ನು ಗೆದ್ದರು. 2018ರಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಬೆಳ್ಳಿಯನ್ನು ತಂದರು. ಅದೇ ಕೂಟದಲ್ಲಿ ವರುಣ್ ಠಕ್ಕರ್ ಮತ್ತು ಕೇಲಪಂಡ ಚೆಂಗಪ್ಪ ಗಣಪತಿ ಕಂಚನ್ನು ಪಡೆದರು. ಈ ಇಬ್ಬರೇ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ಒಂದು ದೋಣಿಯಲ್ಲಿ ಸ್ಪರ್ಧಿಸಿದರು. ಇವರ ಸಾಲಿಗೆ ನಾವು ಸೇರುವವರಲ್ಲ. ಆದರೂ ಹಾಯಿಯನ್ನು ಏರಿಸುವಾಗ ಇವರ ಹೆಸರುಗಳು ನೆನಪಿಗೆ ಬಂದರೆ ಎದೆಗೆ ಸ್ವಲ್ಪ ಧೈರ್ಯ.

ಕೀಲ್ ಪಟ್ಟಣವಿರುವುದು ಬಾಲ್ಟಿಕ್ ಸಮುದ್ರವು ಭೂಮಿಯೊಳಕ್ಕೆ ಉದ್ದವಾಗಿ ಚಾಚಿಕೊಂಡ ಒಂದು ಕೊಲ್ಲಿಯ ದಡದಲ್ಲಿ. 1882ರಲ್ಲಿ ಇಪ್ಪತ್ತು ದೋಣಿಗಳು ಕೂಡಿ ಅಲ್ಲಿ ಒಂದು ಓಟವನ್ನು ಓಡಿದುವು. ಅದೇ ಬೆಳೆದು ಪ್ರತಿ ವರ್ಷವೂ ಜೂನ್ ತಿಂಗಳ ಕೊನೆಯ ಭಾಗದಲ್ಲಿ ನಡೆಯುವ ‘ಕೀಲ್ ಸಪ್ತಾಹ’ವಾಗಿದೆ. ನಮ್ಮ ಕಡೆಯ ಭಜನೆಯ ಸಪ್ತಾಹಗಳಂತೆ ಇದೂ ಊರಿಗೆ ಊರೇ ಸೇರುವ ಉತ್ಸವ. ದಡದಲ್ಲಿ ಸಂತೆ, ಸಂಗೀತ, ತಿಂಡಿಯ ಅಂಗಡಿ. ನೀರಿನಲ್ಲಿ ಕಣ್ಣು ಹರಿದಷ್ಟು ದೂರ ಬಿಳಿಯ ಹಾಯಿ. 1936ರ ಮತ್ತು 1972ರ ಒಲಿಂಪಿಕ್ ಹಾಯಿಪಂದ್ಯಗಳು ನಡೆದುದೂ ಇಲ್ಲಿಯೇ. 1972ಕ್ಕಾಗಿ ಶಿಲ್ಕ್‌ಸೇ ಎಂಬಲ್ಲಿ ಕಟ್ಟಿದ ಬಂದರಿನಿಂದಲೇ ನಾವು ದಿನವೂ ದೋಣಿಯನ್ನು ನೀರಿಗಿಳಿಸುತ್ತಿದ್ದೆವು. ಎದುರುದಡದ ಲಾಬೋ ಎಂಬಲ್ಲಿ 72 ಮೀಟರ್ ಎತ್ತರದ ಒಂದು ಗೋಪುರವಿದೆ. ಅದು 1936ರಲ್ಲಿ ಮುಗಿದುದು. ಮೊದಲು ಯುದ್ಧದಲ್ಲಿ ಮಡಿದ ಜರ್ಮನ್ ನಾವಿಕರಿಗೆಂದು ಎತ್ತಿದುದು ಈಗ ಸಮುದ್ರದಲ್ಲಿ ಪ್ರಾಣ ಬಿಟ್ಟ ಎಲ್ಲ ದೇಶಗಳವರ ಸ್ಮಾರಕವಾಗಿದೆ. ಓಟದಲ್ಲಿ ದಿಕ್ಕು ತಿಳಿಯಲು ನಾವು ಆ ಗೋಪುರವನ್ನೇ ನೋಡುತ್ತಿದ್ದೆವು. ಪಂದ್ಯವೆಂದರೆ ಆಟವೇ ಸರಿ, ಆದರೆ ಸಮುದ್ರ ಆಟವಾಡುವುದಿಲ್ಲ ಎಂದು ಅದು ದಿನವೂ ಜ್ಞಾಪಿಸುತ್ತಿದ್ದಿತು.

ಓಟದ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪಂಚಾಯತರ ದೋಣಿಗೂ ಒಂದು ತೇಲುಗುರುತಿಗೂ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ. ಹೊರಡಲು ಐದು ನಿಮಿಷವಿರುವಾಗ ಒಂದು ಬಾವುಟ ಏರುವುದು. ನಾಲ್ಕು ನಿಮಿಷವಿರುವಾಗ ಎರಡನೆಯದು. ಒಂದು ನಿಮಿಷವಿರುವಾಗ ಎರಡನೆಯದು ಇಳಿಯುವುದು. ಹೊತ್ತಾದೊಡನೆ ಮೊದಲನೆಯದೂ ಇಳಿಯುವುದು. ಅಷ್ಟರವರೆಗೆ ಮೂವತ್ತಾರು ದೋಣಿಗಳೂ ಗೆರೆಯ ಹಿಂದೆಯೇ ಇರಬೇಕು. ನಿಲ್ಲಿಸಲು ಮಾತ್ರ ಯಾವುದಕ್ಕೂ ಸಾಧನವಿಲ್ಲ! ಆಮೇಲೆ ಗಾಳಿ ಬರುವ ದಿಕ್ಕಿನಲ್ಲಿ ಇಟ್ಟಿರುವ ಗುರುತನ್ನು ಮೊದಲು ಮುಟ್ಟಬೇಕು. ಹಾಯಿದೋಣಿ ಗಾಳಿಗೆ ನೇರವಾಗಿ ಎದುರು ಹೋಗಲಾರದು. ಘಟ್ಟವೇರುವ ದಾರಿಯಂತೆ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತಿರುಗಿ ಏರಬೇಕು. ಗುರುತನ್ನು ಸುತ್ತಿ ಗಾಳಿಯೊಡನೆ ಇಳಿಯುವಾಗ ಮೂರನೆಯ ಹಾಯಿ. ಹೀಗೆ ಏರಿಳಿದು ಮುಗಿಸಿದರೆ ಒಂದು ಓಟ. ಮೊದಲು ಬಂದವರಿಗೆ ಒಂದು ಅಂಶ, ಎರಡನೆಯವರಿಗೆ ಎರಡು. ಕೊನೆಗೆ ಕಡಿಮೆ ಅಂಶದವರು ಗೆದ್ದವರು. ಎಲ್ಲ ಓಟಗಳೂ ಮುಗಿದ ಮೇಲೆ, ಇದ್ದುದರಲ್ಲಿ ಅತಿ ಕೆಟ್ಟದೊಂದನ್ನು ಲೆಕ್ಕದಿಂದ ಬಿಡುತ್ತಾರೆ. ಮನುಷ್ಯನಿಗೆ ಒಂದು ಕೆಟ್ಟ ದಿನ ಸಹಜವೆಂದು ತಿಳಿದ ಯಾರೋ ಪುಣ್ಯಾತ್ಮರು ಮಾಡಿದ ನಿಯಮವಿರಬೇಕು. ಇನ್ನೊಂದು ವಿಶೇಷವೆಂದರೆ, ದೋಣಿದೋಣಿಗೂ ಒಬ್ಬ ತೀರ್ಪುಗಾರನನ್ನು ಕಾವಲಿಡಲು ಸಾಧ್ಯವಿಲ್ಲ. ನಿಯಮವನ್ನು ಮೀರಿ ಇನ್ನೊಬ್ಬರ ದಾರಿಗೆ ಅಡ್ಡ ಬಂದವರು ತಾವೇ ಅದನ್ನು ಒಪ್ಪಿಕೊಂಡು, ಇದ್ದಲ್ಲಿಯೇ ದೋಣಿಯನ್ನು ಎರಡು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಅಪರಾಧಿಯೂ ದಂಡಾಧಿಕಾರಿಯೂ ಒಬ್ಬನೇ ಆಗಿರುವ ಇಂಥ ಆಟವನ್ನು ನಾನು ಬೇರೆಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಇನ್ನು ಮಾತಿನ ವಿಚಾರ. ನಾವು ಕನ್ನಡದ ಗೃಹಸ್ಥರು. ನಾನು ಅವರನ್ನು ಬಹುವಚನದಲ್ಲಿ ಮಾತನಾಡಿಸುವವಳು. ಹೆಸರು ಹಿಡಿದು ಕರೆದವಳಲ್ಲ. “ಅನ್ನುತ್ತೇನೆಂದು ಬೇಸರ ಮಾಡಿಕೊಳ್ಳಬೇಡಿ, ಸ್ವಲ್ಪ ಹೊರಕ್ಕೆ ಬಾಗುತ್ತೀರಾ?” ಎಂದು ಕೇಳಿ ಮುಗಿಸುವಷ್ಟರಲ್ಲಿ ದೋಣಿ ಮಗುಚಿರುತ್ತದೆ. ಅಭ್ಯಾಸದ ಮೊದಲ ತಿಂಗಳಿನಲ್ಲಿಯೇ ಇದು ನಮಗೆ ತಿಳಿದುಬಂದಿತು. ಏಕವಚನಕ್ಕೆ ನನ್ನ ನಾಲಗೆ ಏಳಲೊಲ್ಲದು, ಬಹುವಚನಕ್ಕೆ ಗಾಳಿ ಕಾಯಲೊಲ್ಲದು. ಕೊನೆಗೆ ಕ್ರಿಯಾಪದವನ್ನೇ ಬಿಟ್ಟುಬಿಟ್ಟೆವು. “ಹೊರಗೆ”, “ಒಳಗೆ”, “ಬಿಗಿ”, “ಸಡಿಲು”, “ತಿರುವು” — ಇಷ್ಟೇ ನಮ್ಮ ಸಮುದ್ರದ ಭಾಷೆ. ಇದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಅವರು ತಂತಿಯಲ್ಲಿ ನಿಂತು ಮುಂದಿನ ನೀರನ್ನು ನೋಡಿ ಹೇಳುತ್ತಿದ್ದುದೂ ಅಷ್ಟೇ: “ಗಾಳಿ, ಐದು” ಎಂದರೆ ಐದು ಎಣಿಸುವಷ್ಟರಲ್ಲಿ ಗಾಳಿಯ ಹೊಡೆತ ತಾಗುವುದು ಎಂದರ್ಥ. ನನ್ನ ಕಣ್ಣು ಹಾಯಿಯ ಮೇಲೆ. ಅವರ ಕಣ್ಣು ನೀರಿನ ಮೇಲೆ. ಅವರು ಕಂಡುದನ್ನು ನಾನು ಕಾಣಲಾರೆ. ಕಾಣದುದನ್ನು ನಂಬಿ ಕೈಯನ್ನು ಆಡಿಸಬೇಕು. ಅವರೂ ಹಾಗೆಯೇ, ನನ್ನ ಕೈಯ ಒಂದು ಕದಲಿಕೆಗೆ ಅವರ ಇಡಿಯ ಮೈಯೇ ಒತ್ತೆ.

ಮಾತನ್ನು ಇಷ್ಟು ಕಡಿಮೆ ಮಾಡಬೇಕಾದರೆ ಮುಂಚಿತವಾಗಿ ಬಹಳ ಮಾತನಾಡಬೇಕಾಗುತ್ತದೆ. ಅದೇ ಈ ದೋಣಿಯ ಗುಟ್ಟು. ಚಳಿಗಾಲದ ಉದ್ದುದ್ದನೆಯ ಸಂಜೆಗಳಲ್ಲಿ ಅಡಿಗೆಮನೆಯ ಮೇಜಿನ ಮೇಲೆ ಉಪ್ಪಿನ ಬಟ್ಟಲನ್ನೂ ಮೆಣಸಿನ ಬಟ್ಟಲನ್ನೂ ದೋಣಿಗಳನ್ನಾಗಿ ಮಾಡಿಕೊಂಡು, ಹೀಗಾದರೆ ಏನು ಮಾಡೋಣ, ಹಾಗಾದರೆ ಏನು ಎಂದು ಒಂದೊಂದನ್ನೇ ಇತ್ಯರ್ಥ ಮಾಡಿದೆವು. ಅದರಲ್ಲಿ ಒಂದು ಇತ್ಯರ್ಥ ಇದು: ಹತ್ತಿರದಲ್ಲಿ ಯಾವ ದೋಣಿ ಮಗುಚಿದರೂ ತಲೆ ಎಣಿಸಬೇಕು. ಎರಡು ತಲೆ ಕಂಡರೆ ಮುಂದೆ ಹೋಗುವುದು. ಮಗುಚುವುದೂ ಎತ್ತಿ ನಿಲ್ಲಿಸುವುದೂ ಈ ದೋಣಿಗೆ ನಿತ್ಯದ ಮಾತು. ಎರಡು ಕಾಣದಿದ್ದರೆ, ನಾವು ಯಾವ ಸ್ಥಾನದಲ್ಲಿದ್ದರೂ ಸರಿ, ಅತ್ತ ತಿರುಗುವುದು. ತಂತಿಯ ಕೊಂಡಿ, ಹಗ್ಗ, ಹಾಯಿ ಇವುಗಳ ನಡುವೆ ನೀರಿನಡಿಯಲ್ಲಿ ಮನುಷ್ಯ ಸಿಕ್ಕಿಕೊಳ್ಳುವುದೇ ಇಲ್ಲಿ ನಿಜವಾದ ಅಪಾಯ. ಇದಕ್ಕಾಗಿ ಅವರು ಒಂದು ಸಣ್ಣ ಚೂರಿಯನ್ನು ಅಂಗಿಗೆ ಕಟ್ಟಿಕೊಂಡಿರುತ್ತಿದ್ದರು. ಇನ್ನೊಂದು ಇತ್ಯರ್ಥವೂ ಇದ್ದಿತು: ಸಾಯಂಕಾಲ ಊಟವಾಗುವವರೆಗೆ ಆ ದಿನದ ಓಟದ ಮಾತನ್ನು ಎತ್ತಬಾರದು. ಹಸಿದ ಹೊಟ್ಟೆಯಲ್ಲಿ ಮಾಡಿದ ವಿಮರ್ಶೆ ವಿಮರ್ಶೆಯಲ್ಲ ಎಂಬುದನ್ನು ಗೃಹಸ್ಥರಾದವರು ಬಲ್ಲರು.

ಮೊದಲ ಎರಡು ದಿನ ಗಾಳಿಯೇ ಸರಿಯಾಗಿ ಬೀಸಲಿಲ್ಲ. ನೀರು ಎಣ್ಣೆಯಂತೆ ಮಲಗಿದ್ದಿತು. ಒಂದು ಓಟದ ನಡುವೆ ನಮ್ಮ ಬದಿಯಲ್ಲಿ ಗಾಳಿ ಸಂಪೂರ್ಣವಾಗಿ ಸತ್ತು, ಇನ್ನೂರು ಗಜದಾಚೆ ಬೇರೆಯವರ ಹಾಯಿಗಳು ತುಂಬಿಕೊಂಡು ಹೋಗುವುದನ್ನು ನೋಡುತ್ತ ಕುಳಿತು ಮೂವತ್ತೊಂದನೆಯವರಾಗಿ ಮುಗಿಸಿದೆವು. ಉಳಿದವುಗಳಲ್ಲಿ ಇಪ್ಪತ್ತರ ಆಚೆ ಈಚೆ. “ಬಿಡುವ ಓಟ ಇದೇ ಆಯಿತು, ಇನ್ನು ಯಾವುದನ್ನೂ ಕೆಡಿಸಿಕೊಳ್ಳುವ ಹಾಗಿಲ್ಲ” ಎಂದು ಊಟದ ತರುವಾಯ ನಮ್ಮವರು ಲೆಕ್ಕ ಹಾಕಿದರು. ರಾತ್ರಿ ಹತ್ತು ಗಂಟೆಗೆ ಸೂರ್ಯ ಮುಳುಗುವ ಆ ಸೀಮೆಯಲ್ಲಿ ಬೆಳಕಿನಲ್ಲಿಯೇ ಮಲಗಬೇಕು. ನಿದ್ರೆ ಬರುವುದು ತಡ.

ಮೂರನೆಯ ದಿನ ಪಡುವಣದಿಂದ ಬಲವಾದ ಗಾಳಿ ಎದ್ದಿತು. ಭೂಮಿಯ ಮೇಲಿನಿಂದ ಬರುವ ಗಾಳಿಯಾದುದರಿಂದ ಅದು ಒಂದೇ ಸಮನಾಗಿರದೆ ಹೊಡೆತ ಹೊಡೆತವಾಗಿ ಬೀಳುತ್ತಿದ್ದಿತು. ಅವರು ಪೂರ್ತಿಯಾಗಿ ಹೊರಕ್ಕೆ ಚಾಚಿ, “ಗಾಳಿ, ನಾಲ್ಕು”, “ಗಾಳಿ, ಮೂರು” ಎಂದು ಕೂಗುತ್ತಿದ್ದರು. ಅಲೆಗಳ ನೀರು ಅವರ ಬೆನ್ನಿಗೆ ಅಪ್ಪಳಿಸಿ ನನ್ನ ಮುಖಕ್ಕೆ ಬರುತ್ತಿದ್ದಿತು. ಆ ದಿನ ನಮಗೆ ಎಲ್ಲವೂ ಕೂಡಿಬಂದಿತು. ಗಾಳಿ ಎಡಕ್ಕೆ ವಾಲಿದಾಗಲೆಲ್ಲ ನಾವು ಎಡದಲ್ಲಿದ್ದೆವು, ಬಲಕ್ಕೆ ವಾಲಿದಾಗ ಬಲದಲ್ಲಿದ್ದೆವು. ಮೇಲಣ ಗುರುತನ್ನು ಸುತ್ತುವಾಗ ಮುಂದಿರುವ ಹಾಯಿಗಳನ್ನು ಎಣಿಸಿದೆ: ಎಂಟು. ನಾವು ಒಂಬತ್ತನೆಯವರು! ಅಷ್ಟು ಮುಂದೆ ನಾವು ಎಂದೂ ಇದ್ದವರಲ್ಲ.

ಮೂರನೆಯ ಹಾಯಿಯನ್ನು ಬಿಚ್ಚಿ ಇಳಿಯತೊಡಗಿ ಒಂದು ನಿಮಿಷವಾಗಿರಬಹುದು. ನಮಗಿಂತ ಸ್ವಲ್ಪ ಮುಂದೆ ಬಲಗಡೆಯಲ್ಲಿದ್ದ ದೋಣಿಯೊಂದು ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ಉರುಳಿತು. ಅದರಲ್ಲಿದ್ದವರು ಇಬ್ಬರು ಎಳೆಯರು: ಚುಕ್ಕಾಣಿಯಲ್ಲಿ ಒಬ್ಬ ಹುಡುಗಿ, ತಂತಿಯಲ್ಲಿ ಒಬ್ಬ ಹುಡುಗ. ಅವರ ಕೂವೆಮರವೂ ಹಾಯಿಯೂ ನೀರಿನ ಮೇಲೆ ಚಪ್ಪಟೆಯಾಗಿ ಹಾಸಿಬಿದ್ದುವು. ಒಂದು ತಲೆ ಮೇಲಕ್ಕೆ ಬಂದಿತು. ನಾನು ಎರಡನೆಯದಕ್ಕಾಗಿ ನೋಡಿದೆ. ಬರಲಿಲ್ಲ. ಹುಡುಗಿ ಆ ಕಡೆ ಈ ಕಡೆ ತಿರುಗಿ ಒಂದು ಹೆಸರನ್ನು ಕೂಗುತ್ತಿದ್ದಳು.

ನಾವು ಮಾತನಾಡಲಿಲ್ಲ. ನಾನು ಅವರ ಮುಖವನ್ನು ಸಹ ನೋಡಲಿಲ್ಲ. ನಾನು ಚುಕ್ಕಾಣಿಯನ್ನು ತಿರುಗಿಸುವುದಕ್ಕೂ ಅವರು ಮೂರನೆಯ ಹಾಯಿಯನ್ನು ಇಳಿಸತೊಡಗುವುದಕ್ಕೂ ನಡುವೆ ರೆಪ್ಪೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹಾಯಿಗಳನ್ನು ಸಡಿಲಬಿಟ್ಟು ದೋಣಿಯನ್ನು ಹತ್ತಿರ ತಂದೆ. ಅವರು ಕೊಂಡಿಯನ್ನು ಕಳಚಿಕೊಂಡು ನೀರಿಗೆ ಧುಮುಕಿದರು.

ಆಮೇಲಿನ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಗಡಿಯಾರದಲ್ಲಿ ಎರಡು ನಿಮಿಷವೂ ಇರಲಿಲ್ಲವೆಂದು ಆಮೇಲೆ ಹೇಳಿದರು. ಇಬ್ಬರಿರಬೇಕಾದ ದೋಣಿಯಲ್ಲಿ ನಾನೊಬ್ಬಳು. ಸಡಿಲಬಿಟ್ಟ ಹಾಯಿಗಳು ತಲೆಯ ಮೇಲೆ ಸಿಡಿಲಿನಂತೆ ಪಟಪಟ ಬಡಿದುಕೊಳ್ಳುತ್ತಿದ್ದುವು. ಗಾಳಿ ದೋಣಿಯನ್ನು ಅಂಗುಲ ಅಂಗುಲವಾಗಿ ದೂರಕ್ಕೆ ತಳ್ಳುತ್ತಿದ್ದಿತು. ಅವರು ಹಾಯಿಯ ಅಂಚನ್ನು ತಲೆಯಿಂದ ಮೇಲೆತ್ತಿ ಅದರಡಿಗೆ ನುಗ್ಗಿದರು. ಈಗ ಅವರ ತಲೆಯೂ ಕಾಣದು. ಎಣಿಕೆಗೆ ಸಿಕ್ಕುವುದು ಆ ಹುಡುಗಿಯ ತಲೆಯೊಂದೇ. ದೇವರನ್ನು ನೆನೆದೆನೋ ಇಲ್ಲವೋ ನನಗೆ ಜ್ಞಾಪಕವಿಲ್ಲ. ದೋಣಿಯನ್ನು ಅಲ್ಲಿಂದ ಕದಲಗೊಡಬಾರದು ಎಂಬುದೊಂದೇ ಜ್ಞಾಪಕ. ಅಷ್ಟರಲ್ಲಿ ಹಾಯಿಯ ಬಟ್ಟೆ ನಡುವೆ ಗುಡಾರದಂತೆ ಉಬ್ಬಿತು. ಒಳಗೆ ಯಾರೋ ಅದನ್ನು ಎತ್ತಿ ಹಿಡಿದು ಉಸಿರಿಗೆ ಎಡೆ ಮಾಡಿದ್ದರು. ಇನ್ನೂ ಸ್ವಲ್ಪ ಹೊತ್ತಿಗೆ ಎರಡು ತಲೆಗಳು ಒಟ್ಟಿಗೆ ಹೊರಬಂದುವು. ಹುಡುಗನ ಸೊಂಟದ ಕೊಂಡಿಗೆ ಹಗ್ಗವೊಂದು ಸುತ್ತಿಕೊಂಡಿದ್ದಿತಂತೆ. ಚೂರಿಯಿಂದ ಅದನ್ನು ಕೊಯ್ದು ಬಿಡಿಸಿದರಂತೆ. ಹುಡುಗ ಕೆಮ್ಮುತ್ತಿದ್ದನು. ಕೆಮ್ಮು ಅಷ್ಟು ಇಂಪಾಗಿ ಕೇಳುವುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಕಾವಲಿನ ಯಂತ್ರದೋಣಿ ಬಂದು ಅವರಿಬ್ಬರನ್ನೂ ವಹಿಸಿಕೊಂಡಿತು. ನಮ್ಮವರು ತೊಯ್ದು ತೊಪ್ಪೆಯಾಗಿ ನಮ್ಮ ದೋಣಿಯ ಹಿಂಭಾಗದಿಂದ ಹತ್ತಿ ಬಂದು, ತಂತಿಗೆ ಕೊಂಡಿಯನ್ನು ಸಿಕ್ಕಿಸಿ, “ಹೊರಗೆ” ಎಂದರು. ಅದು ನಾನು ಹೇಳಬೇಕಾದ ಮಾತು. ನನಗೆ ಬಾಯಿ ಬಂದಿರಲಿಲ್ಲ. ಆ ಓಟವನ್ನು ಮೂವತ್ತನಾಲ್ಕನೆಯವರಾಗಿ ಮುಗಿಸಿದೆವು.

ವಾಚಕರು ಕಥೆ ಇಲ್ಲಿಗೆ ಮುಗಿಯಿತೆಂದು ತಿಳಿಯಬಹುದು. ನಿಜವಾದ ಚರ್ಚೆ ತೊಡಗಿದುದು ಆ ಸಾಯಂಕಾಲ. ಹಾಯಿಪಂದ್ಯದ ನಿಯಮಗಳಲ್ಲಿ ಮೊಟ್ಟಮೊದಲನೆಯದೇ, ಅಪಾಯದಲ್ಲಿರುವವರಿಗೆ ಕೈಲಾದ ನೆರವನ್ನೆಲ್ಲ ಕೊಡಬೇಕು ಎಂಬುದು. ಹಾಗೆ ನೆರವಾದುದರಿಂದ ಸ್ಥಾನ ಕೆಟ್ಟವರು ನ್ಯಾಯಮಂಡಳಿಗೆ ಬರೆದುಕೊಂಡರೆ, ವಿಚಾರಣೆ ಮಾಡಿ ಪರಿಹಾರವನ್ನು ಕೊಡಬೇಕೆಂದೂ ಇನ್ನೊಂದು ನಿಯಮವಿದೆ. ನಾವು ಬರೆದುಕೊಳ್ಳಬೇಕೆ, ಬೇಡವೆ? ಅರ್ಜಿಗೆ ಗೊತ್ತಾದ ಹೊತ್ತಿನ ಗಡುವು ಇದ್ದುದರಿಂದ ಊಟವಾಗುವವರೆಗೆ ಮಾತೆತ್ತಬಾರದೆಂಬ ಇತ್ಯರ್ಥವನ್ನು ಆ ದಿನ ಬದಿಗಿಡಬೇಕಾಯಿತು.

ಅವರು ಬೇಡವೆಂದರು. “ನೀರಿಗಿಳಿದುದಕ್ಕೆ ಕೂಲಿ ಕೇಳಿದ ಹಾಗಾಗುವುದಿಲ್ಲವೆ? ಬಾವಿಗೆ ಬಿದ್ದ ಮಗುವನ್ನು ಎತ್ತಿದವನು ಒದ್ದೆಯಾದ ಪಂಚೆಯ ಬೆಲೆಯನ್ನು ಕೇಳುತ್ತಾನೆಯೆ?”

“ಅವನು ಕೇಳುವುದಿಲ್ಲ, ನಿಜ. ಆದರೆ ಊರವರು ಕೊಡಬಾರದೆಂದು ಎಲ್ಲಿದೆ?” ಎಂದೆ.

“ಕೊಡುವುದು ಬೇರೆ, ಕೇಳುವುದು ಬೇರೆ.”

ಅವರ ಮಾತಿನಲ್ಲಿ ಸತ್ಯವಿದ್ದಿತು. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂದು ಕೇಳಿ ಬೆಳೆದವರು ನಾವು. ಆಗ ನನಗೆ ಒಂದು ಹಳೆಯ ಸಂಗತಿ ನೆನಪಿಗೆ ಬಂದಿತು. 1988ರ ಸೆಪ್ಟೆಂಬರ್ 24ರಂದು ಕೊರಿಯದ ಪುಸಾನ್ ಬಂದರಿನಲ್ಲಿ ಒಲಿಂಪಿಕ್ ಹಾಯಿಪಂದ್ಯ ನಡೆಯುತ್ತಿದ್ದಿತು. ಕೆನಡದ ಲಾರೆನ್ಸ್ ಲೆಮ್ಯೂ ಎಂಬಾತನು ‘ಫಿನ್’ ಎಂಬ ಒಬ್ಬರ ದೋಣಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದನು. ಹತ್ತಿರದಲ್ಲಿ ಬೇರೊಂದು ಓಟದಲ್ಲಿದ್ದ ಸಿಂಗಪುರದ ಇಬ್ಬರ ದೋಣಿಯೊಂದು, ನಮ್ಮದರಂಥ ‘470’ ದೋಣಿಯೇ, ಬಿರುಗಾಳಿಗೆ ಮಗುಚಿಕೊಂಡುದನ್ನು ಅವನು ಕಂಡನು. ಕೂಡಲೆ ಓಟವನ್ನು ಬಿಟ್ಟು ಅತ್ತ ಹೋಗಿ, ಅವರಿಬ್ಬರನ್ನೂ ಕಾಪಾಡಿ, ಕಾವಲಿನವರ ವಶಕ್ಕೆ ಒಪ್ಪಿಸಿ, ಆಮೇಲೆ ಬಹಳ ಹಿಂದೆ ಬಿದ್ದು ಓಟವನ್ನು ಮುಗಿಸಿದನು. ನ್ಯಾಯಮಂಡಳಿಯವರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಒಟ್ಟಿನಲ್ಲಿ ಅವನು ಬಂದುದು ಹನ್ನೊಂದನೆಯವನಾಗಿ. ಪಂದ್ಯದ ಪದಕ ಬರಲಿಲ್ಲ. ಆದರೂ ಒಲಿಂಪಿಕ್ ಸಮಿತಿಯವರು ಅವನನ್ನು ವಿಶೇಷವಾಗಿ ಗೌರವಿಸಿದರು. ಅದಕ್ಕೂ ಮುಂಚೆ 1964ರಲ್ಲಿ, ಜಪಾನಿನಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ, ಸ್ವೀಡನ್ ದೇಶದ ಲಾರ್ಸ್ ಕೆಲ್ ಮತ್ತು ಸ್ಟಿಗ್ ಕೆಲ್ ಎಂಬ ಅಣ್ಣತಮ್ಮಂದಿರು ತಮ್ಮ ಇಬ್ಬರ ದೋಣಿಯನ್ನು ತಿರುಗಿಸಿ, ದೋಣಿಯನ್ನು ಕಳೆದುಕೊಂಡ ಆಸ್ಟ್ರೇಲಿಯದವರನ್ನು ನೀರಿನಿಂದ ಎತ್ತಿದ್ದರು.

ಇದನ್ನೆಲ್ಲ ಹೇಳಿ ನಾನೆಂದೆ: “ಇವರಾರೂ ಲೆಕ್ಕ ಹಾಕಿ ತಿರುಗಿದವರಲ್ಲ. ನೀವೂ ಹಾಕಲಿಲ್ಲ. ಆದರೆ ಮುಂದಿನ ವರ್ಷ ಇಲ್ಲಿ ಇನ್ನೊಂದು ಜೋಡಿ ಒಂಬತ್ತನೆಯ ಸ್ಥಾನದಲ್ಲಿರುವಾಗ ಇನ್ನೊಂದು ದೋಣಿ ಮಗುಚುತ್ತದೆ. ಅವರು ಎಳೆಯರಾಗಿರಬಹುದು, ಆ ಓಟವೊಂದರ ಮೇಲೆಯೇ ಅವರ ಎಷ್ಟೋ ವರ್ಷಗಳ ದುಡಿಮೆ ನಿಂತಿರಬಹುದು. ತಿರುಗಿದರೆ ನಷ್ಟವಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿದ್ದರೆ ಅರೆಗಳಿಗೆಯೂ ಅನುಮಾನಿಸುವುದಿಲ್ಲ. ಆ ಅರೆಗಳಿಗೆಯಲ್ಲಿ ಒಂದು ಉಸಿರು ಉಳಿಯುತ್ತದೆ. ನಿಯಮವನ್ನು ಯಾರೂ ಉಪಯೋಗಿಸದೆ ಇದ್ದರೆ, ಅದು ಇದೆಯೆಂಬುದನ್ನೇ ಜನ ಮರೆಯುತ್ತಾರೆ. ನಾವು ಕೇಳುವುದು ನಮಗಾಗಿ ಅಲ್ಲ.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಒದ್ದೆಯ ಬಟ್ಟೆಗಳನ್ನು ಹಿಂಡಿ ಹಗ್ಗದ ಮೇಲೆ ಹರವಿದರು. ಆಮೇಲೆ, “ಹಾಗಾದರೆ ಒಂಬತ್ತನೆಯ ಸ್ಥಾನವನ್ನು ಕೇಳುವುದು ಬೇಡ. ಓಟ ಇನ್ನೂ ಅರ್ಧ ಉಳಿದಿತ್ತು. ಒಂಬತ್ತನೆಯವರಾಗಿಯೇ ಮುಗಿಸುತ್ತಿದ್ದೆವೆಂದು ಯಾರು ಬಲ್ಲರು? ನಮ್ಮ ಬೇರೆ ಓಟಗಳ ಸರಾಸರಿಯನ್ನು ಕೇಳು, ಅದು ನ್ಯಾಯ” ಎಂದರು. ನಾನು ಒಪ್ಪಿದೆ. ಅವರ ಸಂಕೋಚಕ್ಕೂ ನನ್ನ ವಾದಕ್ಕೂ ಇದರಲ್ಲಿ ಸ್ಥಳವಿದ್ದಿತು. ಹೀಗೆ ಅರ್ಜಿಯನ್ನು ನಾನು ಬರೆದೆ. ಇಬ್ಬರೂ ಒಟ್ಟಿಗೆ ಹೋಗಿ ಕೊಟ್ಟೆವು.

ವಿಚಾರಣೆ ಕಾಲು ಗಂಟೆಯೂ ನಡೆಯಲಿಲ್ಲ. ಮೇಜಿನ ಹಿಂದೆ ಬೇರೆ ಬೇರೆ ದೇಶಗಳ ಹಿರಿಯರು ಕುಳಿತಿದ್ದರು. ಎಲ್ಲಿ ಇದ್ದಿರಿ, ಏನು ಕಂಡಿರಿ, ಏನು ಮಾಡಿದಿರಿ ಎಂದು ಕೇಳಿದರು. ಯಂತ್ರದೋಣಿಯವರು ಸಾಕ್ಷಿ 

ಹೇಳಿದರು. ಆ ಹುಡುಗಿಯೂ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಹೇಳಬೇಕೆಂದು ಬಂದವಳು ಹೇಳಲಾರದೆ ನಮ್ಮವರ ಕೈಯನ್ನು ಹಿಡಿದುಕೊಂಡಳು. ಅವರಲ್ಲೊಬ್ಬರು, “ನಿಮ್ಮಿಬ್ಬರಲ್ಲಿ ಹೋಗೋಣವೆಂದು ನಿಶ್ಚಯಿಸಿದವರು ಯಾರು?” ಎಂದು ಕೇಳಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. “ಚಳಿಗಾಲದಲ್ಲಿ ಇಬ್ಬರೂ ಕೂಡಿ ನಿಶ್ಚಯಿಸಿದ್ದೆವು” ಎಂದರು ನಮ್ಮವರು. ಆ ಹಿರಿಯರು ನಕ್ಕು ಬರೆದುಕೊಂಡರು. ಸರಾಸರಿಯ ಅಂಶವು ನಮಗೆ ಸಂದಿತು.

ಆ ಉತ್ತರವನ್ನು ನಾನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಗಂಡಹೆಂಡಿರಲ್ಲಿ ಜಗಳಗಳು ಬರುವುದು ಗಾಳಿ ಎದ್ದ ಹೊತ್ತಿನಲ್ಲಿ ಹೊಸದಾಗಿ ಇತ್ಯರ್ಥ ಮಾಡಹೊರಟಾಗ. ಮನೆಗೆ ಕಾಯಿಲೆ ಬಂದಾಗ, ಸಾಲಗಾರನು ಬಾಗಿಲಿಗೆ ಬಂದಾಗ, ಬಂಧುಗಳಲ್ಲಿ ಒಬ್ಬರು ಕೈಹಿಡಿಯಿರೆಂದು ಬಂದು ನಿಂತಾಗ, ಏನು ಮಾಡೋಣವೆಂದು ಆಗ ಕೇಳಿಕೊಂಡರೆ ಹೊತ್ತು ಮೀರಿರುತ್ತದೆ. ಇಬ್ಬರೂ ಬೇರೆ ಬೇರೆ ಹಗ್ಗಗಳನ್ನು ಎಳೆಯುತ್ತಾರೆ. ಶಾಂತವಾದ ಸಂಜೆಗಳಲ್ಲಿ ಉಪ್ಪಿನ ಬಟ್ಟಲು, ಮೆಣಸಿನ ಬಟ್ಟಲುಗಳನ್ನು ಮುಂದಿಟ್ಟುಕೊಂಡು ಮಾತನಾಡಿದವರಿಗೆ ಗಾಳಿಯಲ್ಲಿ ಮಾತು ಬೇಕಾಗುವುದಿಲ್ಲ. ಊರಿಗೂ ಇದೇ ನ್ಯಾಯ. ದಯೆ ಲೆಕ್ಕವನ್ನು ನೋಡಬಾರದು, ಸರಿ. ಆದರೆ ದಯೆ ತೋರಿದವನಿಗೆ ನಷ್ಟವಾಗದಂತೆ ಲೆಕ್ಕವಿಡುವ ಹೊಣೆ ಊರಿನದು, ಅದನ್ನು ಊರು ಮೊದಲೇ ಬರೆದಿಟ್ಟುಕೊಂಡಿರಬೇಕು. ಸಮುದ್ರದವರು ಬರೆದಿಟ್ಟುಕೊಂಡಿದ್ದಾರೆ.

ಕೊನೆಯ ದಿನವೂ ಗಾಳಿ ಜೋರಾಗಿಯೇ ಇದ್ದಿತು. ಆ ಹುಡುಗ ಹುಡುಗಿಯರು ಹಗ್ಗವನ್ನು ಬದಲಾಯಿಸಿಕೊಂಡು ಪುನಃ ಓಟಕ್ಕೆ ಬಂದಿದ್ದರು. ಕಟ್ಟಕಡೆಯ ಇಳಿತದಲ್ಲಿ ನಾವು ಅವರಿಗಿಂತ ನಾಲ್ಕು ಮಾರು ಮುಂದಿದ್ದೆವು. “ಗಾಳಿ, ಎರಡು” ಎಂದು ನಮ್ಮವರು ಕೂಗಿದರು; ಎರಡು ಎಣಿಸುವುದಕ್ಕೆ ಮುಂಚೆಯೇ ಹೊಡೆತ ಬಿದ್ದು ನಮ್ಮ ದೋಣಿ ಮಗುಚಿತು. ತಣ್ಣನೆಯ ನೀರಿನಲ್ಲಿ ಮುಳುಗಿ ಎದ್ದು ನಾನು ಕಣ್ಣೊರಸಿಕೊಂಡು ನೋಡುವಾಗ ಅವರ ದೋಣಿ ನಮ್ಮ ಪಕ್ಕದಲ್ಲಿಯೇ ಇದ್ದಿತು. ಹುಡುಗಿ ಚುಕ್ಕಾಣಿಯನ್ನು ಅರ್ಧ ತಿರುಗಿಸಿ, ಎದ್ದು ನಿಂತಂತೆ ಮಾಡಿ, ನೀರಿನ ಮೇಲೆ ಕಣ್ಣಾಡಿಸುತ್ತಿದ್ದಳು. ಆಗ ನಮ್ಮವರ ತಲೆಯೂ ಒಡಲಿನ ಆಚೆ ಬದಿಯಿಂದ ಮೇಲೆ ಬಂದಿತು. ಅವಳು ಗಟ್ಟಿಯಾಗಿ ತನ್ನ ಭಾಷೆಯಲ್ಲಿ ಎರಡು ಎಂದು ಕೂಗಿದಳು. ನಾವಿಬ್ಬರೂ ಕೈಯೆತ್ತಿದೆವು. ಅವಳೂ ಕೈಯೆತ್ತಿ, ಚುಕ್ಕಾಣಿಯನ್ನು ಸರಿಪಡಿಸಿ, ಹಾಯಿ ತುಂಬಿ ಮುಂದೆ ಹೊರಟುಹೋದಳು. ಒಟ್ಟು ಲೆಕ್ಕದಲ್ಲಿ ಅವರು ಇಪ್ಪತ್ತನೆಯವರಾದರು, ನಾವು ಇಪ್ಪತ್ತೊಂದು.